ಆತ್ ಬಿಡ್ರಿ

ಕಟಕ್!

ಸಣ್ಣ ಸದ್ದು. ರಾತ್ರಿ ಒಂದೂವರೆ ಗಂಟೆ. ವಿಯೆನ್ನಾದಿಂದ ವೆನಿಸ್‌ಗೆ ಹೊರಟಿದ್ದ ಬಸ್ಸಿನಲ್ಲಿ ದೀಪಗಳೆಲ್ಲ ಆರಿದ್ದವು. ಎಲ್ಲರೂ ಮಲಗಿದ್ದರು. ಸ್ನೇಹಾ ಮಾತ್ರ ಪಾಸ್‌ಪೋರ್ಟ್ ಇದ್ದ ಚೀಲವನ್ನು ಎದೆಗವಚಿಕೊಂಡು ಎಚ್ಚರವಾಗಿಯೇ ಕುಳಿತಿದ್ದಳು.

ಮತ್ತೆ... ಕಟಕ್!

ಹಿಂದಿನ ಸೀಟಿನಿಂದ. ಬಿಸ್ಕತ್ತೇ? ಅಲ್ಲ. ಬಿಸ್ಕತ್ತು ಹೀಗೆ ಮುರಿಯುವುದಿಲ್ಲ. ಇದು ಎರಡೂ ಕೈಯಲ್ಲಿ ಹಿಡಿದು ಮುರಿಯುವಂಥದ್ದು. ಅಷ್ಟರಲ್ಲಿ ಶೇಂಗಾ ಚಟ್ನಿಯ ಬೆಳ್ಳುಳ್ಳಿ ವಾಸನೆ ಮೂಗಿಗೆ ಬಡಿಯಿತು.

ಗದಗದ ಬಸ್ಸಿನಲ್ಲಿ ಪಕ್ಕದ ಹೆಂಗಸಿನೊಂದಿಗೂ ಮಾತಾಡದ ಹುಡುಗಿ, ಆ ಕತ್ತಲಲ್ಲಿ ಗಿರಕ್ಕನೆ ತಿರುಗಿ, ಎರಡು ಸೀಟುಗಳ ಸಂದಿಯಲ್ಲಿ ಪಿಸುಗುಟ್ಟಿದಳು.

"ಖಡಕ್ ರೊಟ್ಟಿ ಏನ್ರೀ ಅದು?"

ಅಗಿಯುವ ಸದ್ದು ನಿಂತಿತು. ಆಮೇಲೆ ಒಂದು ಗಂಡು ದನಿ... "ಹೌದ್ರಿ. ನಿಮಗೂ ಬೇಕೇನ್ರೀ?"

ಅರ್ಧ ರೊಟ್ಟಿ ಸಂದಿಯಿಂದ ಈಚೆ ಬಂತು.

"ಯಾವೂರ್ರೀ ನಿಮ್ದು?"

"ಗದಗ. ಅಂದ್ರ ಬೆಟಗೇರಿ. ನಿಮ್ದು?"

"ಕೊರ್ಲಹಳ್ಳಿ. ಮುಂಡರಗಿ ತಾಲೂಕ. ನಮ್ಮ ಆಯಿ ಬಡದ ರೊಟ್ಟಿರಿ, ನೀಲಗಂಗವ್ವನ ಕೈದು. ಮೆತ್ತಗ ತಿನ್ರಿ, ಮುಂದ ಕುಂತ ಮುದುಕಿ ಎದ್ದಳಂದ್ರ ಬೈತಾಳು."

ಮುಂದಿನ ಸೀಟಿನ ಜರ್ಮನ್ ಮುದುಕಿ ಆಗಲೇ ಎದ್ದಿದ್ದಳು. "ಶ್ಶ್ಶ್!" ಎಂದು ಗದರಿದಳು. ಖಡಕ್ ರೊಟ್ಟಿಯನ್ನು ಸದ್ದಿಲ್ಲದೆ ತಿನ್ನುವುದಾದರೂ ಹೇಗೆ? ಇಬ್ಬರೂ ಬಾಯಲ್ಲಿ ತುಂಡಿಟ್ಟುಕೊಂಡು ಅದು ತಾನಾಗಿ ನೆನೆಯಲಿ ಎಂದು ಕಾದರು. ನಗು ಮಾತ್ರ ತಡೆಯಲಾಗಲಿಲ್ಲ.

ಬೆಳಗಾದ ಮೇಲೆ ಮುಖ ಕಂಡಿತು. ಗಡ್ಡ ಬಿಟ್ಟ, ಸಾದಾ ಮುಖ. ಕಣ್ಣು ಮಾತ್ರ ನಗುತ್ತಿದ್ದವು. ವಿಯೆನ್ನಾದಲ್ಲಿ ಮಣ್ಣಿನ ವಿಜ್ಞಾನ ಓದುತ್ತಿದ್ದ. ಬೆಟಗೇರಿಯಲ್ಲಿ ಅಪ್ಪನ ಪ್ರೆಸ್ ಇದ್ದ ಸ್ನೇಹಾ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮುದ್ರಣ ತಂತ್ರ ಓದಲು ಬಂದಿದ್ದಳು. ಇಬ್ಬರದೂ ಒಂದೇ ವರ್ಷದ ಸ್ಕಾಲರ್‌ಶಿಪ್, ಇಬ್ಬರದೂ ಮೊದಲ ರಜೆ.

"ಹೆಸರೇನ್ರೀ?"

"ಮುತ್ತಣ್ಣ."

ಸ್ನೇಹಾ ಹುಬ್ಬೇರಿಸಿದಳು. ಅವನೇ ನಕ್ಕ. "ಗೊತ್ತಾತ್ರಿ. ಹೆಸರಿನ್ಯಾಗ ಅಣ್ಣ ಐತಿ. ಬ್ಯಾಡಂದ್ರ ಅಣ್ಣ ಬಿಟ್ಟು ಕರೀರಿ."

"ಅಣ್ಣ ಬಿಟ್ರ..." ಎಂದವಳು ಅಲ್ಲೇ ನಿಲ್ಲಿಸಿದಳು. ಉಳಿಯುವುದು ಮುತ್ತು! ಕಿವಿಯವರೆಗೂ ಕೆಂಪಾದಳು. "ಬ್ಯಾಡ ಬ್ಯಾಡ. ನಾ 'ಏನ್ರೀ' ಅಂತ ಕರೀತೀನಿ."

ಬೆಟಗೇರಿಯಲ್ಲಿ ಯಾರು ಯಾರನ್ನು 'ಏನ್ರೀ' ಎಂದು ಕರೆಯುತ್ತಾರೆ ಎನ್ನುವುದು ಅವಳಿಗೆ ಹೊಳೆದದ್ದು ಅರ್ಧ ಗಂಟೆಯ ಮೇಲೆ, ಒಂದು ಸೇತುವೆ ಹತ್ತುವಾಗ. ಅವನಿಗೆ ಮೊದಲೇ ಹೊಳೆದಿತ್ತು. ಪಾಪ, ಏನೂ ಹೇಳಿರಲಿಲ್ಲ.

ವೆನಿಸ್‌ನಲ್ಲಿ ಮೂರು ದಿನ ನಡೆದರು. ಹಾದಿ ತಪ್ಪಿದಾಗಲೆಲ್ಲ ಒಂದೇ ಚೌಕಕ್ಕೆ ಬಂದು ನಿಲ್ಲುತ್ತಿದ್ದರು. ಡಿಸೆಂಬರಿನಲ್ಲಿ ಪ್ರಾಗ್. ಅಲ್ಲಿಯ ಚಳಿಗೆ ಸ್ನೇಹಾಳ ಬೂಟಿನ ಅಡಿ ಸೀಳಿತು. ಮುತ್ತಣ್ಣ ಅದರೊಳಗೆ ದಿನಪತ್ರಿಕೆ ಮಡಚಿ ಇಟ್ಟ. "ಪ್ರೆಸ್ಸಿನವರ ಮಗಳು, ಕಾಗದದ ಮ್ಯಾಲೆ ನಡೀರಿ" ಎಂದ.

ಫೆಬ್ರುವರಿಯಲ್ಲಿ ಮೈಂಝ್. ಯುರೋಪಿನಲ್ಲಿ ಅಚ್ಚಿನ ಕೆಲಸ ಹುಟ್ಟಿದ ಊರು. ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ಕಟ್ಟಿಗೆಯ ಮುದ್ರಣ ಯಂತ್ರ ನೋಡಿ ಸ್ನೇಹಾಗೆ ತಡೆಯಲಾಗಲಿಲ್ಲ, ಮುಟ್ಟಿಬಿಟ್ಟಳು. ಕಾವಲಿನ ಹೆಂಗಸು ಓಡಿ ಬಂದಳು. "ಇವರಪ್ಪಂದೂ ಪ್ರೆಸ್ ಐತ್ರಿ, ಮುಟ್ಟಿದ್ರ ಏನಾಗಂಗಿಲ್ಲ" ಎಂದು ಮುತ್ತಣ್ಣ ಆಕೆಗೆ ಅಚ್ಚ ಕನ್ನಡದಲ್ಲಿ, ಅತಿ ವಿನಯದಿಂದ ಹೇಳಿದ. ಅರ್ಥವಾಗದೆ ಆಕೆ ತಲೆಯಾಡಿಸಿ ಹೋದಳು!

ಒಮ್ಮೆ ವಿಯೆನ್ನಾದಲ್ಲಿ ಡ್ಯಾನ್ಯೂಬ್ ದಂಡೆಯ ಮೇಲೆ ಕುಳಿತಿದ್ದಾಗ ಸ್ನೇಹಾ ಕೇಳಿದಳು. "ಇದಕ್ಕೂ ನಿಮ್ಮೂರ ಹೊಳಿಗೂ ಏನ್ ಫರಕ್ರಿ?"

"ನಮ್ಮ ತುಂಗಭದ್ರಾ ಬ್ಯಾಸಗ್ಯಾಗ ಹಾದಿ ಕೊಡತಾಳ್ರಿ, ಆಚಿ ದಂಡಿಗೆ ನಡಕೋತ ಹೋಗಬಹುದು. ಇದು ಎಂದೂ ಹಾದಿ ಕೊಡೂದಿಲ್ಲ."

ಅವನು ನೀರು ನೋಡುತ್ತಿದ್ದ. ಅವಳು ಅವನನ್ನು ನೋಡುತ್ತಿದ್ದಳು. ಅವನು ತಿರುಗುವ ಮೊದಲೇ ನೋಟ ಕಿತ್ತಳು.

ಇದು ಏನು? ಊರಿನವರು ಎನ್ನುವ ಸಲಿಗೆಯೋ... ಅಥವಾ?

ಮಾರ್ಚಿನಲ್ಲಿ ಅವ್ವನ ಫೋನು ಬಂತು. ಲಕ್ಷ್ಮೇಶ್ವರದಿಂದ ಸಂಬಂಧ ಬಂದಿತ್ತು. ಸಿಮೆಂಟಿನ ವ್ಯಾಪಾರ, ಒಳ್ಳೆಯ ಮನೆತನ. ಓದು ಮುಗಿಸಿ ಬಂದ ಮೇಲೆ ನಿಶ್ಚಯ ಮಾಡೋಣ ಎನ್ನುತ್ತಿದ್ದರು.

ಸ್ನೇಹಾ ಅದನ್ನು ಮುತ್ತಣ್ಣನಿಗೆ ಹೇಳಿದಳು. ಏನಾದರೂ ಅನ್ನಲಿ ಎಂದೇ ಹೇಳಿದಳು. "ಹೌದ್ರಿ? ಛಲೋ ಆತು" ಎಂದ, ಅಷ್ಟೇ. ಮಾತು ಹವಾಮಾನಕ್ಕೆ ಹೋಯಿತು.

ಎರಡು ವಾರ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕೊನೆಗೆ ಒಂದು ಸಂಜೆ ಕುಳಿತು ಸಂದೇಶ ಬರೆದಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಎರಡು ತಾಸಿನ ಮೇಲೆ ಉಳಿದದ್ದು ಇಷ್ಟು.

"ಏಪ್ರಿಲ್ ಹದಿಮೂರಕ್ಕ ಬುಡಾಪೆಸ್ಟ್‌ಗೆ ಬರಬೇಕಂತ ಮಾಡೀನಿ. ನಿಮ್ಮ ಜೋಡಿ ಒಂದು ಮಾತಾಡೂದೈತಿ. ಮುಂಜಾನಿ ಹತ್ತಕ್ಕ, ದೊಡ್ಡ ಸ್ಟೇಷನ್ನಿನ ಬಾಗಿಲದಾಗ. ನಿಮಗ ಪರೀಕ್ಷಿ ಅದಾವಂತ ಗೊತ್ತು. ಆಗದಿದ್ರ ಪರವಾಗಿಲ್ಲ."

ಮೂರು ತಾಸಿನ ಮೇಲೆ ಉತ್ತರ ಬಂತು.

"ಆತ್ ಬಿಡ್ರಿ."

ಅಷ್ಟೇ. ಎರಡು ಶಬ್ದ.

ಸ್ನೇಹಾ ಓದಿದಳು. ಮತ್ತೆ ಓದಿದಳು. ಅವರ ಕಡೆ ಕೆಲಸ ಒಪ್ಪಿಕೊಂಡವರೂ 'ಆತ್ ಬಿಡ್ರಿ' ಎನ್ನುತ್ತಾರೆ, ಕೈತೊಳೆದುಕೊಂಡವರೂ 'ಆತ್ ಬಿಡ್ರಿ' ಎನ್ನುತ್ತಾರೆ. ಬಾಯಿಂದ ಬಂದರೆ ದನಿಯೇ ಅರ್ಥ ಹೇಳಿಬಿಡುತ್ತದೆ. ಫೋನಿನ ಅಕ್ಷರಕ್ಕೆ ದನಿ ಎಲ್ಲಿದೆ?

'ಆಗದಿದ್ರ ಪರವಾಗಿಲ್ಲ' ಎಂದು ತಾನೇ ಬರೆದಿದ್ದಳಲ್ಲ. ಅದಕ್ಕೆ ಉತ್ತರ, ಆತ್ ಬಿಡ್ರಿ. ಅಂದರೆ... ಬೇಡ, ಬಿಟ್ಟುಬಿಡಿ.

ಇನ್ನೊಂದು ಸಲ ಕೇಳಬಹುದಿತ್ತು. ಕೇಳಲಿಲ್ಲ. ಬೇಡ ಎಂದವರನ್ನು ಎರಡನೇ ಸಲ ಕೇಳುವ ಧೈರ್ಯ ಅವಳಿಗೆ ಇರಲಿಲ್ಲ. ಹದಿಮೂರನೇ ತಾರೀಖು ಅವಳು ಲೈಪ್‌ಜಿಗ್‌ನ ಹಾಸ್ಟೆಲ್ಲಿನಲ್ಲೇ ಇದ್ದಳು. ಅವನಿಂದ ಒಂದು ಸಂದೇಶವೂ ಬರಲಿಲ್ಲ. ಮರುದಿನವೂ ಇಲ್ಲ. ವಾರದ ಮೇಲೆ ಅವನ ನಂಬರನ್ನು ಅಳಿಸಿಹಾಕಿದಳು.

ಜುಲೈಯಲ್ಲಿ ಊರಿಗೆ ಬಂದಳು.

ಬೆಟಗೇರಿಯಲ್ಲಿ ಅಪ್ಪ ಕೊಟ್ರಪ್ಪನವರ ಪ್ರೆಸ್ಸು ಎಂದಿನಂತೆ ನಡೆಯುತ್ತಿತ್ತು. ಕೊಟ್ರಪ್ಪನವರು ಮೂವತ್ತು ವರ್ಷ ಪ್ರೂಫ್ ತಿದ್ದಿದವರು. ಸ್ನೇಹಾ ಮಗ್ಗುಲಿಗೆ ಕುಳಿತು ಲಗ್ನಪತ್ರಿಕೆಗಳ ಹೆಸರು ನೋಡುತ್ತಿದ್ದಳು. ಬರುವ ಸೋಮವಾರ ಲಕ್ಷ್ಮೇಶ್ವರದವರು ನಿಶ್ಚಯಕ್ಕೆ ಬರುವವರಿದ್ದರು. ಅವಳು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ.

ಬುಧವಾರ ಶಿರಹಟ್ಟಿಯ ನಿಜಲಿಂಗಪ್ಪ ಎನ್ನುವವರು ಮಗಳ ಲಗ್ನಪತ್ರಿಕೆ ಕೇಳಲು ಬಂದರು.

"ಕೊಟ್ರಪ್ಪನವರs, ಶುಕ್ರವಾರ ಮುಂಜಾನಿ ಕಾರ್ಡ್ ಕೈಯಾಗ ಇರಬೇಕ್ರಿ. ನಿಮಗೂ ಕೆಲಸ ಭಾಳ ಐತಿ, ಆಗದಿದ್ರ ಈಗs ಹೇಳ್ರಿ."

ಕೊಟ್ರಪ್ಪನವರು ತಲೆ ಎತ್ತದೆ ಹೇಳಿದರು. "ಆತ್ ಬಿಡ್ರಿ."

ನಿಜಲಿಂಗಪ್ಪನವರ ಮುಖ ಅರಳಿತು. "ಹಂಗಾದ್ರ ನಾ ನಿಶ್ಚಿಂತ!" ಎಂದು ಟೊಪ್ಪಿಗೆ ಸರಿಮಾಡಿಕೊಂಡು ಹೊರಟೇಹೋದರು.

ಸ್ನೇಹಾಳ ಕೈಯಿಂದ ಪೆನ್ನು ಜಾರಿತು.

ಅದೇ ಪ್ರಶ್ನೆ. ಅದೇ 'ಆಗದಿದ್ರ'. ಅದೇ ಉತ್ತರ. ಆ ಮನುಷ್ಯ ನಿಶ್ಚಿಂತೆಯಿಂದ ಹೋದ. ನಾನು?

ಒಂದು ವೇಳೆ ಅವನು ಬಂದಿದ್ದರೆ...? ದೇವರೇ, ಬಂದಿದ್ದರೆ?

ಅವನ ಸ್ಕಾಲರ್‌ಶಿಪ್ಪಿನ ವರ್ಷವೂ ಮುಗಿದಿತ್ತು, ಊರಲ್ಲೇ ಇರಬೇಕು. ಮರುದಿನ ಮುಂಡರಗಿಯಲ್ಲಿ ಗೆಳತಿಯ ಮನೆ ಎಂದು ಹೇಳಿ ಹೊರಟಳು. ಮುಂಡರಗಿಯಲ್ಲಿ ಬಸ್ಸು ಬದಲಿಸಿ ಕೊರ್ಲಹಳ್ಳಿಗೆ ಇಳಿದಾಗ ಹನ್ನೊಂದು ಗಂಟೆ. ನೀಲಗಂಗವ್ವನ ಮನೆ ಯಾವುದು ಎಂದು ಕೇಳಿದ್ದಕ್ಕೆ ಹೊಳೆಯ ಹಾದಿ ತೋರಿಸಿದರು.

ಮುದುಕಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದಳು.

"ಯಾರವ್ವಾ ನೀ?"

"ಬೆಟಗೇರಿ ಪ್ರೆಸ್ಸಿನ ಕೊಟ್ರಪ್ಪನವರ ಮಗಳ್ರಿ."

"ಪ್ರೆಸ್ಸಿನವರು ಈಗ ಮನಿಗೇ ಬರ್ತಾರೇನು? ನಾವೇನ್ ಕಾರ್ಡ್ ಹಾಕಿಸಿಲ್ಲಲ್ಲ!"

"ಮುತ್ತಣ್ಣ... ಅದಾರೇನ್ರೀ?"

ನೀಲಗಂಗವ್ವ ಮೊರ ಕೆಳಗಿಟ್ಟಳು. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬುಡಾಪೇಟಿಗೆ ಕರದಾಕಿ ನೀನs ಏನು?"

"ಬುಡಾ... ಪೇಟಿ?"

"ಹೂಂ. ಅದೆಲ್ಲೋ ಬುಡಾಪೇಟಿ ಸ್ಟೇಷನ್ನಿನ್ಯಾಗ ದಿನಪೂರ್ತಿ ಕುಂತಿದ್ದನಂತ. ಯಾರು ಬರೂದಿತ್ತು, ಯಾಕ ಬರಲಿಲ್ಲ... ಬಾಯಿ ಬಿಡವಲ್ಲ. ಊರಿಗೆ ಬಂದಾಗಿಂದ ಒಂದs ರೊಟ್ಟಿಗೆ ಏಳತಾನು."

ಸ್ನೇಹಾ ಕಟ್ಟೆಯ ಮೇಲೆ ಕುಳಿತಳು. ಕಣ್ಣೀರು ಜೋಳದ ರಾಶಿಗೆ ಬಿತ್ತು.

"ಜೋಳ ತೊಯ್ಸಬ್ಯಾಡ ನನ್ನವ್ವ" ಎಂದಳು ಮುದುಕಿ, ಮೆತ್ತಗೆ. "ಹೊಳಿ ದಂಡ್ಯಾಗ ಅದಾನ, ಹೋಗು."

ಅವನು ದಂಡೆಯ ಹೊಲದಲ್ಲಿ ಮಣ್ಣಿನ ಮಾದರಿಯನ್ನು ಚೀಲಗಳಿಗೆ ತುಂಬುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಕೈಯೆಲ್ಲ ಕಪ್ಪು ಮಣ್ಣು.

"ನೀವು...?"

"ನೀವು ಬುಡಾಪೆಸ್ಟ್‌ಗೆ ಬಂದಿದ್ರಿ?"

"ಬರ್ತೀನಂತ ಹೇಳಿದ್ದೆನಲ್ರಿ."

"ಎಲ್ಲಿ ಹೇಳಿದ್ರಿ? 'ಆತ್ ಬಿಡ್ರಿ' ಅಂದ್ರಿ!"

"ಹಂಗಂದ್ರ ಬರ್ತೀನಂತನ ಅಲ್ಲ?"

"ಹಂಗಂದ್ರ ಬ್ಯಾಡಂತನೂ ಆಗತೈತಿ!"

ಮುತ್ತಣ್ಣ ತನ್ನಷ್ಟಕ್ಕೆ ಒಮ್ಮೆ ಅಂದು ನೋಡಿದ. "ಆತ್ ಬಿಡ್ರಿ..." ಇನ್ನೊಮ್ಮೆ, ಬೇರೆ ದನಿಯಲ್ಲಿ. ಆಮೇಲೆ ಹಣೆ ಚಚ್ಚಿಕೊಂಡ. ಹಣೆಗೆಲ್ಲ ಮಣ್ಣು.

"ಮುಂಜಾನಿ ಹತ್ತರಿಂದ ಸಂಜಿ ಆರರ ತನಕ ಕುಂತೆ. ಬಂದ ರೈಲು ಎಲ್ಲಾ ನೋಡಿದೆ."

"ಒಂದು ಫೋನ್ ಮಾಡಾಕ ಏನಾಗಿತ್ತು ನಿನಗ?"

ನಿನಗ! ಬಾಯಿಂದ ಜಾರಿಬಿಟ್ಟಿತ್ತು. ಅವನಿಗೆ ಅದು ಕೇಳಿಸಿತು. ಅವನ ದನಿ ಸಣ್ಣದಾಯಿತು.

"ನೀ ಲಕ್ಷ್ಮೇಶ್ವರದ ಹುಡುಗನ್ನ ಒಪ್ಪಿ, ಬರೂದು ಬಿಟ್ಟೆ ಅಂತ ತಿಳಕೊಂಡೆ. ಒಲ್ಲೆ ಅಂದಾಕಿ ಬೆನ್ನು ಹತ್ತೂದು ಸರಿ ಅಲ್ಲ ಅನಿಸ್ತು. ಅವತ್ತು... ಏನ್ ಹೇಳೂದಿತ್ತು?"

ಮಾತನ್ನು ಯಾವಾಗಲೂ ಎರಡು ಸಲ ತೂಗಿ ಆಡುವ ಸ್ನೇಹಾ ಈ ಸಲ ತೂಗಲಿಲ್ಲ.

"ನನಗ ನೀ ಬೇಕಂತ ಹೇಳೂದಿತ್ತು. ಈಗೂ ಅದನ್ನ ಹೇಳಾಕ ಬಂದೀನಿ. ಇದಕ್ಕ ಒಂದs ಅರ್ಥ ಐತಿ. ತಿಳೀತಿಲ್ಲೋ?"

"ತಿಳೀತು" ಎಂದ. ಕಣ್ಣು ಒದ್ದೆಯಾಗಿದ್ದವು. "ನನಗೂ ನೀ ಬೇಕು. ವೆನಿಸ್‌ನ್ಯಾಗ 'ಏನ್ರೀ' ಅಂದಾಗಿಂದ."

ಆ ಸಂಜೆ ಸ್ನೇಹಾ ಅಪ್ಪನ ಮೇಜಿನ ಎದುರು ನಿಂತಳು. "ಅಪ್ಪಾ, ಲಕ್ಷ್ಮೇಶ್ವರದವರಿಗೆ ಬ್ಯಾಡಂತ ಹೇಳು."

"ಯಾಕವಾ?"

"ಅವರು ಛಲೋ ಮಂದಿನs ಅದಾರ. ಆದ್ರ ನನಗ ಮನಸಿಲ್ಲ."

ಕೊಟ್ರಪ್ಪನವರು ಕನ್ನಡಕದ ಮೇಲಿಂದ ಮಗಳನ್ನು ನೋಡಿದರು. ಮತ್ತೇನೂ ಕೇಳದೆ ಫೋನು ಎತ್ತಿಕೊಂಡರು.

ಉಳಿದದ್ದನ್ನು ಹೇಳಬೇಕೆಂದು ಅವಳ ನಾಲಿಗೆಯವರೆಗೆ ಬಂದಿತ್ತು. ವೆನಿಸ್, ಪ್ರಾಗ್, ಮೈಂಝ್... ಗಂಡು ಹುಡುಗನ ಜೊತೆ ದೇಶ ದೇಶ ಅಡ್ಡಾಡಿದ ಮಗಳು! ಅಪ್ಪ ತಡೆದುಕೊಂಡಾರು. ಓಣಿ ತಡೆದುಕೊಳ್ಳುವುದೇ? ಅವಳು ಹೇಳಲಿಲ್ಲ.

ಹತ್ತು ದಿನದ ಮೇಲೆ ಕೊರ್ಲಹಳ್ಳಿಯಿಂದ ಸಂಬಂಧ ಬಂತು. ಹುಡುಗ, ಅವನ ಸೋದರಮಾವ ವಿರೂಪಾಕ್ಷಪ್ಪ, ಅಜ್ಜಿ ನೀಲಗಂಗವ್ವ. ಸ್ನೇಹಾ ಚಹಾ ತಂದು ಇಟ್ಟಳು.

"ನಿನ್ನ ಹೆಸರೇನವಾ?" ಎಂದು ನೀಲಗಂಗವ್ವ ಏನೂ ಅರಿಯದವಳಂತೆ ಕೇಳಿದಳು.

"ಸ್ನೇಹಾ ರೀ."

"ಛಲೋ ಹೆಸರು. ಇವತ್ತs ಕೇಳಿದೆ ನೋಡು."

ವಿರೂಪಾಕ್ಷಪ್ಪ ಬೆರಗಾಗಿ ಹೇಳಿದ. "ಇಬ್ಬರೂ ಒಂದs ವರ್ಷ ಯುರೋಪಿನ್ಯಾಗ ಇದ್ರಂತ. ಎಲ್ಲೂ ಭೆಟ್ಟಿ ಆಗಿಲ್ಲ ನೋಡ್ರಿ!"

"ಭಾಳ ದೊಡ್ಡ ದೇಶ್ರಿ ಅದು" ಎಂದ ಮುತ್ತಣ್ಣ, ಚಹಾದ ಕಪ್ಪಿನೊಳಗೆ ಮುಖ ಹಾಕಿ.

ಹುಡುಗ ಹುಡುಗಿ ಐದು ನಿಮಿಷ ಮಾತಾಡಲಿ ಎಂದು ಹಿರಿಯರು ಅವರನ್ನು ಒಳಗಿನ ಕೋಣೆಗೆ ಕಳಿಸಿದರು. ಐದು ಹದಿನೈದಾಯಿತು. ಒಳಗಿನಿಂದ ಎಲೆ ಅಡಿಕೆಯ ತಟ್ಟೆ ತರುತ್ತಿದ್ದ ಕೊಟ್ರಪ್ಪನವರು, ಅರೆ ತೆರೆದ ಬಾಗಿಲಿನ ಹತ್ತಿರ ನಿಂತುಬಿಟ್ಟರು.

"ನಿನ್ನ ಕೈ ಯಾಕ ನಡಗಾಕತ್ತಾವು?"

"ಚಹಾದ ತಾಟು ಭಾರ ಇತ್ತು."

"ತಾಟು ಕೆಳಗಿಟ್ಟು ಎಷ್ಟೊತ್ತಾತು!"

"ಹಂಗಾದ್ರ ಹಿಡಕೋ. ನೋಡಕೋತ ನಿಂತೀಯಲ್ಲ."

ಆಮೇಲೆ ಹುಡುಗಿಯ ಸಣ್ಣ ನಗು.

ಕೊಟ್ರಪ್ಪನವರು ಅಲುಗಾಡಲಿಲ್ಲ. ಇಂದೇ ಮೊದಲು ಭೆಟ್ಟಿಯಾದವರು ಹೀಗೆ ನೀನು, ನಾನು ಎನ್ನುತ್ತಾರೆಯೇ? ಮುಂಡರಗಿಯ ಗೆಳತಿಯ ಮನೆಯಿಂದ ಬಂದ ದಿನ ಮಗಳ ಚಪ್ಪಲಿಗೆ ಹತ್ತಿದ್ದ ಹೊಳೆಯ ಉಸುಕು ಅವರ ಕಣ್ಣ ಮುಂದೆ ಬಂತು. ಏಪ್ರಿಲಿನಲ್ಲಿ ಫೋನಿನಲ್ಲಿ ಕೇಳಿದ್ದ ಅವಳ ಸೋತ ದನಿಯೂ ನೆನಪಾಯಿತು. ಈಗಿನ ನಗುವನ್ನು ಇನ್ನೊಂದು ಕ್ಷಣ ಕೇಳಿ, ಸಪ್ಪಳಾಗದಂತೆ ಹಿಂದೆ ಸರಿದರು.

ಪಡಸಾಲೆಯಲ್ಲಿ ಹೆಂಡತಿ ಕೇಳಿದಳು. "ಏನ್ ಮಾಡಾಕತ್ತಾರ್ರೀ ಇಷ್ಟೊತ್ತು?"

"ಇನ್ನೂ ಓದಿದ್ದು ಬರದದ್ದು ಕೇಳಾಕತ್ತಾರ. ಹೊಸಬ್ರು, ಟೈಮ್ ಹಿಡೀತೈತಿ" ಎಂದು ಅವರು ತಟ್ಟೆಯನ್ನು ಬೀಗರ ಮುಂದೆ ಸರಿಸಿದರು. "ತಗೋರ್ರಿ, ಎಲಿ ತಗೋರ್ರಿ."

ಬಾಗಿಲ ಮರೆಯಲ್ಲಿ ಕೇಳಿದ್ದನ್ನು ಹೆಂಡತಿಗೂ ಹೇಳುವುದಿಲ್ಲ, ಮಗಳಿಗೂ ಹೇಳುವುದಿಲ್ಲ ಎಂದು ಆಗಲೇ ಅವರು ಗಟ್ಟಿ ಮಾಡಿಕೊಂಡಿದ್ದರು.