ಒಂಬತ್ತು ದಿನ ತೆರೆಯದ ಕ್ಯಾಲೆಂಡರ್

ಕಥೆ ಹೇಳುವವರು ಏಳು ಸಮುದ್ರದಾಚೆ ಎಂದು ಶುರುಮಾಡುತ್ತಾರೆ. ಈ ಕಥೆ ಎರಡು ಓಣಿಯಾಚೆಯದು, ಹೋದ ತಿಂಗಳಿನದು. ಒಬ್ಬ ಹುಡುಗಿಯಿದ್ದಳಂತೆ. ರಾಜ್ಯವಿಲ್ಲ, ಕೋಶವಿಲ್ಲ, ಒಂದು ಲ್ಯಾಪ್‌ಟಾಪ್ ಇತ್ತು, ಬಾಯಿತುಂಬ ಮಾತಿತ್ತು. ವೆಬ್‌ಸೈಟ್ ಕಟ್ಟುವುದು ಅವಳ ಕಸುಬು. ಅಜ್ಜಿ ಅವಳನ್ನು ಚೂಟಿ ಎಂದು ಕರೆಯುತ್ತಿದ್ದಳು. ಚೂಟಿ ಒಬ್ಬ ಕಿವಿಯಂತ್ರದ ಮೆಕ್ಯಾನಿಕ್ಕನಿಗೆ ಒಂದು ಮಾತು ಕೊಟ್ಟಳು. ಅದು ನಡೆಯುವುದು ತಡವಾಯಿತು. ಯಾಕೆ ತಡವಾಯಿತೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಅಜ್ಜಿಯ ಕಿವಿಯಂತ್ರ ಸಿಳ್ಳೆ ಹಾಕತೊಡಗಿದಾಗ ಇಬ್ಬರೂ ಅವನ ಅಂಗಡಿಗೆ ಹೋಗಿದ್ದರು. ಅವನು ಯಾರೊಡನೆ ಮಾತಾಡಿದರೂ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ, ತುಟಿ ಕಾಣುವಂತೆ ಮಾತಾಡುತ್ತಿದ್ದ. ತುಟಿ ನೋಡಿಯೇ ಮಾತು ತಿಳಿಯುವ ಗಿರಾಕಿಗಳಿಗಾಗಿ ಬೆಳೆಸಿಕೊಂಡ ರೂಢಿ ಅದು. ಚೂಟಿಗೆ ಅದು ತಿಳಿಯದ್ದಲ್ಲ. ತಿಳಿದೂ ಅವಳ ಕೆನ್ನೆ ಬೆಚ್ಚಗಾಗುತ್ತಿತ್ತು.

"ಇಷ್ಟು ಜನ ಕಾಯ್ತಾ ಕೂತಿದಾರಲ್ಲ, ಫೋನ್ ಮಾಡಿ ಟೈಮ್ ತಗೋಬಾರ್ದಾ?" ಎಂದಳು.

"ಫೋನ್ ಮಾಡೋಕೆ ಕಿವಿ ಬೇಕಲ್ರೀ. ಅದನ್ನೇ ತಾನೇ ರಿಪೇರಿಗೆ ತಂದಿರ್ತಾರೆ."

ಚೂಟಿ ನಾಲಿಗೆ ಕಚ್ಚಿಕೊಂಡಳು. "ನಾನೊಂದು ಪೇಜ್ ಮಾಡ್ಕೊಡ್ತೀನಿ. ಕ್ಯಾಲೆಂಡರ್ ತೆರೆಯತ್ತೆ, ಬೇಕಾದ ದಿನ ಒತ್ತಿದ್ರೆ ಮುಗೀತು. ಹದಿನೈದು ದಿನದೊಳಗೆ. ಮಾತು!"

"ಮಾತು ತಪ್ಪಿದ್ರೆ?"

"ಕಿವಿ ಹಿಂಡಪ್ಪ," ಎಂದಳು ಅಜ್ಜಿ. "ನಿಂಗೆ ಇರೋದೇ ಕಿವಿ ಕೆಲಸ."

ಹನ್ನೆರಡನೇ ದಿನಕ್ಕೆ ಪೇಜು ಇಂಟರ್‌ನೆಟ್ಟಿಗೆ ಏರಿತು. ಅವನು ಸಡಗರದಿಂದ ಅದರ ವಿಳಾಸ ಬರೆದು ಬಾಗಿಲಿಗೆ ತೂಗುಹಾಕಿದ. ಬಣ್ಣ ಬಂತು, ಬರಹ ಬಂತು, ಅಂಗಡಿಯ ಫೋಟೋವೂ ಬಂತು. ದಿನ ಆರಿಸುವ ಜಾಗ ಒತ್ತಿದರೆ ಮಾತ್ರ ಏನೂ ಆಗಲಿಲ್ಲ.

"ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ತೆರೆಯತ್ತಲ್ಲ!" ಎಂದಳು ಚೂಟಿ, ಆ ಕಸುಬಿನವರೆಲ್ಲ ಹೇಳುವಂತೆ.

"ಹಾಗಾದ್ರೆ ನನ್ನ ಬೆರಳೇ ದಪ್ಪ ಇರ್ಬೇಕು," ಎಂದ ಅವನು, ಹೆಬ್ಬೆರಳನ್ನು ತಿರುಗಿಸಿ ನೋಡಿಕೊಳ್ಳುತ್ತ. ಚೂಟಿಗೆ ನಗು ಬಂತು, ನಕ್ಕಳು.

ಪರೀಕ್ಷೆ ಮಾಡುವ ನೆಪದಲ್ಲಿ ಅವಳು ದಿನಾ ಸಂಜೆ ಬರತೊಡಗಿದಳು. ಅವಳು ಬರುವ ಹೊತ್ತಿಗೆ ಅವನು ಸ್ಟೂಲು ಒರೆಸಿಡತೊಡಗಿದ.

ಪೇಜು ಏರಿದ ಮೂರನೇ ದಿನ ಮನೆಯಲ್ಲಿ ಅವಳು ಬ್ರೌಸರಿನ ದೋಷಗಳ ಪಟ್ಟಿ ತೆರೆದಳು. ಸಾಲಾಗಿ ಕೆಂಪು ಗೆರೆಗಳು. ಕ್ಯಾಲೆಂಡರನ್ನು ಕುಣಿಸುವ ಸ್ಕ್ರಿಪ್ಟ್ ಲೈಬ್ರರಿಗಳನ್ನು, ಎಂದರೆ ಸಿದ್ಧ ಕೋಡಿನ ಫೈಲುಗಳನ್ನು, ಪೇಜು ಕೇಳುತ್ತಿದೆ, ಪೇಜು ಕೂತಿರುವ ಸರ್ವರು ಇಲ್ಲ ಎನ್ನುತ್ತಿದೆ. ಪೇಜು ಕಟ್ಟಲು ಅವಳು ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದ ಫ್ರೇಮ್‌ವರ್ಕು ಆ ಲೈಬ್ರರಿಗಳನ್ನೆಲ್ಲ 'ಲಿಬ್' ಎಂಬ ಒಂದೇ ಫೋಲ್ಡರಿನಲ್ಲಿ ಇಡುತ್ತಿತ್ತು. ಅವಳಿಗೋ ಒಂದು ಹಳೆಯ ಚಾಳಿ. ಯಾವ ಕೆಲಸ ಹಿಡಿದರೂ 'ಸರ್ವರಿಗೆ ಕಳಿಸಬೇಡ' ಎಂಬ ಹಳೆಯ ಪಟ್ಟಿಯೊಂದನ್ನು ಓದದೆ ಅಂಟಿಸಿಬಿಡುವುದು. ಯಾವುದೋ ಕಾಲದ ಆ ಪಟ್ಟಿಯಲ್ಲಿ 'ಲಿಬ್' ಕೂಡ ಇತ್ತು. ಫೋಲ್ಡರು ಅವಳ ಲ್ಯಾಪ್‌ಟಾಪಿನಲ್ಲೇ ಉಳಿದಿತ್ತು. ಅದಕ್ಕೇ ಅಲ್ಲಿ ಎಲ್ಲ ನೆಟ್ಟಗಿತ್ತು. ಆ ಒಂದು ಸಾಲು ಅಳಿಸಿ ಮತ್ತೆ ಕಳಿಸಿದರೆ ಐದು ನಿಮಿಷದ ಕೆಲಸ.

ಅಳಿಸಲು ಬೆರಳಿಟ್ಟಳು. ಆದರೆ ಅದೇ ಸಂಜೆ ಅವನು ಸ್ಕ್ರೂ ತಿರುಗಿಸುತ್ತ ಹೇಳಿದ್ದ: "ಪೇಜ್ ಸರಿಹೋದ್ಮೇಲೆ ನೀವ್ಯಾಕೆ ಈ ಕಡೆ ಬರ್ತೀರಿ ಬಿಡಿ." ನಕ್ಕಿದ್ದ. ಆ ನಗು ಕಣ್ಣಿನವರೆಗೆ ಬಂದಿರಲಿಲ್ಲ.

ನಾಳೆ ಮಾಡಿದರಾಯಿತು ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನಾಳೆ ಎಂದವಳ ನಿದ್ದೆ ಹಾಳಾಯಿತು.

"ಇವತ್ತಾದ್ರೂ ಸಿಕ್ತಾ ಕಳ್ಳ?" ಎಂದು ಅವನು ಕೇಳುವನು.

"ಹುಡುಕ್ತಿದೀನಿ," ಎನ್ನುವಳು ಕಳ್ಳಿ.

ಒಂದು ಸಂಜೆ ಅವನು ಫೋನು ಹಿಡಿದು, ಕಿರುಬೆರಳ ತುದಿಯಿಂದ ಮೆಲ್ಲಗೆ ಒತ್ತಿ ತೋರಿಸಿದ. "ನೋಡಿ, ಈ ಸಣ್ಣ ಬೆರಳಲ್ಲಿ ಅಭ್ಯಾಸ ಮಾಡ್ತಿದೀನಿ." "ನಾಳೆ ಸರಿಹೋಗತ್ತೆ," ಎಂದಳು ಅವಳು. ಹೀಗೇ ಪೇಜು ಏರಿ ಒಂಬತ್ತು ದಿನ ಕಳೆದವು.

ಹತ್ತನೆಯ ದಿನ ಶನಿವಾರ. ಅವನು ಬಿಡಿಭಾಗ ತರಲು ಹೋಗಿ ಮಧ್ಯಾಹ್ನ ಮರಳಿದಾಗ, ಮೆಟ್ಟಿಲ ಮೇಲೆ ಹೊಲಿಗೆ ಕಸುಬಿನ ಒಬ್ಬ ವಯಸ್ಸಾದ ಹೆಂಗಸು ಬೆಳಗಿನಿಂದ ಕಾದು ಕೂತಿದ್ದಳು. ಚೂಟಿಯೂ ಆಗಷ್ಟೇ ಬಂದಿದ್ದಳು.

"ಎಂಟು ದಿನ ಒತ್ತಿದೆ ಕಣಪ್ಪ ಆ ಕ್ಯಾಲೆಂಡರ್ ಜಾಗ!" ತನ್ನ ದನಿ ತನಗೇ ಕೇಳದ ಅವಳು ಕೂಗಿ ಹೇಳಿದಳು. "ಎರಡು ಬಸ್ಸು ಹತ್ತಿ ಬಂದ್ರೆ ಬಾಗಿಲು ಹಾಕಿದೆ. ಮಗಳಿಗೆ ಮಗು ಆಗಿದೆ, ಫೋನಲ್ಲಿ ತೋರಿಸಿದ್ಲು. ಬಾಯಿ ತೆಗೆದು ಅಳ್ತಿತ್ತು, ಗಾಜಿನೊಳಗಿನ ಮೀನಿನ ಹಾಗೆ. ಒಂದು ಚೂರು ದನಿ ಕೇಳಿಸ್ಲಿಲ್ಲ ನಂಗೆ."

ಅವನು ಅವಳೆದುರು ಕುಕ್ಕರುಗಾಲಲ್ಲಿ ಕೂತ. "ತಪ್ಪು ನಂದಮ್ಮ. ನಂಗೆ ಆ ಪೇಜ್ ನಡೆಸೋಕೆ ಬರಲ್ಲ. ಪಾಪ, ಇವರು ದಿನಾ ಬಂದು ಕಷ್ಟಪಡ್ತಿದಾರೆ."

ಆ 'ಪಾಪ' ಚೂಟಿಯ ಎದೆಗೆ ನಾಟಿತು.

"ಅವರದ್ದಲ್ಲ, ತಪ್ಪು ನಂದು," ಎಂದಳು. "ಬೇಕಾದ ಫೈಲೆಲ್ಲ ನನ್ನ ಲ್ಯಾಪ್‌ಟಾಪ್‌ನಲ್ಲೇ ಬಿಟ್ಟಿದೀನಿ. ಅದು ಗೊತ್ತಾಗಿ ಒಂದು ವಾರ ಆಯ್ತು. ಐದು ನಿಮಿಷದ ಕೆಲಸ."

"ಮತ್ತೆ ಯಾಕೆ ಮಾಡ್ಲಿಲ್ಲ?" ಎಂದ ಅವನು.

"ಮಾಡಿಬಿಟ್ರೆ ನಿಮ್ಮನ್ನ ನೋಡೋಕೆ ಬರೋದು ಹೇಗೆ ಅಂತ."

ಅವನು ಎದ್ದ. ಹೆಂಗಸಿನ ಯಂತ್ರ ಇಸಿದುಕೊಂಡು ಒಳಗೆ ಮೇಜಿನತ್ತ ತಿರುಗಿ, ಬೆನ್ನು ಹಾಕಿ ಕೂತ. ಗೋಡೆಗೆ ಹೇಳುವಂತೆ ಹೇಳಿದ: "ಬೆರಳು ದಪ್ಪ ಅಂದಾಗ ನೀವು ನಕ್ಕಿದ್ರಿ."

ಬೈದಿದ್ದರೆ ಸಹಿಸಬಹುದಿತ್ತು. ಚೂಟಿ ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ತೆರೆದು ಆ ಸಾಲು ಅಳಿಸಿದಳು. ಫೈಲುಗಳು ಒಂದೊಂದಾಗಿ ಹೊರಟವು. ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ.

"ಏನಪ್ಪ," ಎಂದಿತು ಹಿಂದಿನಿಂದ ಆ ದೊಡ್ಡ ದನಿ. "ಹಾಗೆ ಬೆನ್ನು ಹಾಕಿದ್ರೆ ನಿನ್ನ ಮಾತು ಹೇಗೆ ಓದ್ಲಿ? ಅವಳದ್ದಂತೂ ಪೂರ್ತಿ ಓದ್ಕೊಂಡೆ."

ಚೂಟಿ ಕಿವಿಯವರೆಗೂ ಕೆಂಪಾದಳು.

"ಕಿವುಡಿ ಎದುರಿಗೆ ಗುಟ್ಟು ಬಿಚ್ಚಬಾರ್ದು ಕಣೇ ತಾಯಿ. ಮಾಡಿದ್ದು ತಪ್ಪೇ, ಸಣ್ಣದೂ ಅಲ್ಲ. ಹೇಳ್ಕೊಂಡ್ಯಲ್ಲ, ಅಷ್ಟು ಮಾತ್ರ ಸರಿ."

ಯಂತ್ರ ಸರಿಹೋಯಿತು. ಕಿವಿಗೆ ಇಟ್ಟುಕೊಂಡ ಹೆಂಗಸು ಮಗಳಿಗೆ ಫೋನು ಹಚ್ಚಿದಳು. ಫೋನನ್ನು ಕಿವಿಗೆ ಒತ್ತಿಕೊಂಡವಳು, "ಬಿಕ್ಕಳಿಸ್ತಿದೆ!" ಎಂದಳು, ಈ ಸಲ ಪಿಸುದನಿಯಲ್ಲಿ. "ಕೇಳ್ತಿದೆ ಕಣಪ್ಪ. ಬಿಕ್ಕಳಿಸ್ತಿದೆ ನಮ್ಮ ಕೂಸು."

ಅವನು ಬಂದು ಚೂಟಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ. ಬೀದಿಯನ್ನೇ ನೋಡುತ್ತಿದ್ದ.

"ಆ ಕ್ಯಾಲೆಂಡರ್‌ನಲ್ಲಿ ಭಾನುವಾರ ಇದೆಯಾ?"

"ಇಲ್ಲ. ಅಂಗಡಿ ರಜಾ ಅಂದಿದ್ರಿ."

"ಒಳ್ಳೇದಾಯ್ತು, ಗಿರಾಕಿಗಳ್ಯಾರೂ ಆ ದಿನ ಹಿಡಿಯಲ್ಲ." ಈಗ ಮುಖ ತಿರುಗಿಸಿದ. "ನಂಗೆ ಸಿಕ್ಕಾಪಟ್ಟೆ ಕೋಪ ಬಂದಿದೆ. ನಿಧಾನಕ್ಕೆ ಬೈಯೋಕೆ ಒಂದಿಡೀ ದಿನ ಬೇಕು. ಬರ್ತೀರಾ?"

"ಬರ್ತೀನಿ."

"ಏನು ನೆಪ ಹೇಳ್ಕೊಂಡು?"

"ಏನೂ ಇಲ್ಲ. ಬೈಸ್ಕೊಳ್ಳೋಕೇ ಬರ್ತೀನಿ."

"ಆಯ್ತಾ ನಿಮ್ಮದು?" ಇಬ್ಬರ ನಡುವೆ ಒಂದು ಕೈ ಫೋನು ಹಿಡಿದು ಚಾಚಿತು. "ನಂಗೆ ಬಸ್ಸಿದೆ. ತಿಂಗಳು ಬಿಟ್ಟು ತೋರಿಸ್ಬೇಕಲ್ಲ, ದಿನ ಹೇಗೆ ಒತ್ತಲಿ?"

ಕೊನೆಯ ಫೈಲು ಹೋಗಿ ಮುಟ್ಟಿತು. ಚೂಟಿ ಪೇಜನ್ನು ಹೊಸದಾಗಿ ತೆರೆದು, ಕಣ್ಣು ಮುಚ್ಚಿಕೊಂಡು, "ಈಗ ಒತ್ತಿ ಅಮ್ಮ," ಎಂದಳು.

ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳೊಂದು ಗಾಜನ್ನು ಮುಟ್ಟಿತು. ಕ್ಯಾಲೆಂಡರ್ ತೆರೆಯಿತು.