ಕೊಂಬಿನವನ ಎಡಗಾಲು

ಅರಮನೆಯ ಅಂಗಳದಲ್ಲಿ ದಂತದ ಕೊಂಬು ಊದುತ್ತಿದ್ದ ಅಪ್ರಾಕು ನಡುವೆಯೇ ಕುಸಿದುಬಿದ್ದ. ಬಾಯಿ ಸೊಟ್ಟಗಾಯಿತು, ಬಲಗೈ ಆಡಲಿಲ್ಲ. ಕುಮಾಸಿ ಪಟ್ಟಣದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಪ್ರಾಣ ಹೋಗಿತ್ತು.

"ಇವನೇ ಕೊಂದಿದ್ದು!" ಅವನ ಹೆಂಡತಿ ಆಫ್ರಿಯೆ, ಅಲ್ಲೇ ನಿಂತಿದ್ದ ಡೊಂಕೋರ್‌ನತ್ತ ಕೈ ತೋರಿಸಿದಳು. "ಕೊಂಬಿಗೆ ಜಿನ್ ಸಾರಾಯಿ ಹುಯ್ದು ತೊಳೆದೋನು ಇವನೇ. ವಿಷ ಬೆರೆಸಿದಾನೆ."

ಡೊಂಕೋರ್ ಎರಡನೇ ಕೊಂಬಿನವನು. ಅಪ್ರಾಕು ಊದುತ್ತಿದ್ದ ಮೊದಲನೇ ಕೊಂಬಿನ ಮೇಲೆ ಅವನಿಗೆ ಕಣ್ಣಿದ್ದದ್ದು ಊರಿಗೇ ಗೊತ್ತು. ಜನ ಆಗಲೇ ಅವನ ಮನೆಯ ಬಾಗಿಲು ಮುರಿದಿದ್ದರು. ಇನ್ಸ್‌ಪೆಕ್ಟರ್ ಡೂಫಿ ಅವನನ್ನು ಠಾಣೆಗೆ ಎಳೆದು ತಂದದ್ದು ಜೀವ ಉಳಿಸುವುದಕ್ಕೆ.

"ಆಸೆ ಇತ್ತಮ್ಮಾ, ಸುಳ್ಳು ಹೇಳಲ್ಲ," ಎಂದ ಡೊಂಕೋರ್ ಅವಳಿಗೆ. "ಆದ್ರೆ ಆ ಜಿನ್ ಮೊದಲು ಕುಡಿದೋನೂ ನಾನೇ. ನೋಡಿ, ಗುಂಡುಕಲ್ಲಿನ ಹಾಗಿದೀನಿ."

*

ಡೂಫಿ ಸತ್ತವನ ಚಪ್ಪಲಿಗಳನ್ನು ಮೇಜಿನ ಮೇಲಿಟ್ಟಳು. ಎಡಗಡೆಯದರ ಪಟ್ಟಿಯನ್ನು ಯಾರೋ ಕೊಯ್ದಿದ್ದರು. ಅರಸನ ಮುಂದೆ ಎಡವಿ ಬೀಳಲೆಂದು ಡೊಂಕೋರ್ ಮಾಡಿದ ಕೆಲಸವೇ? ಆದರೆ ಕೊಯ್ದ ಕಡೆ ಬಟ್ಟೆಯ ತುಂಡು ಸೇರಿಸಿ ನೀಟಾಗಿ ಹೊಲಿದು ಪಟ್ಟಿಯನ್ನು ಉದ್ದ ಮಾಡಿದ್ದರು. ಹಗೆಯಿಂದ ಕೊಯ್ದವನು ಕೂತು ಹೊಲಿಯುವುದಿಲ್ಲ.

ಅವಳು ಶವಪರೀಕ್ಷೆ ಮಾಡಿದ ಡಾಕ್ಟರ್ ಯಾಡಂಗೆ ಫೋನ್ ಮಾಡಿದಳು.

"ವಿಷ ಇಲ್ಲ. ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆ," ಎಂದ ಆತ.

"ಕಾಲು ನೋಡಿದ್ರಾ?"

"ಕಾಲು ಯಾಕೆ?"

"ನೋಡಿ. ಹೃದಯಾನೂ ಇನ್ನೊಂದು ಸಲ ನೋಡಿ."

*

ಮರುದಿನ ಅರಮನೆಯಲ್ಲಿ ಹಿರಿಯರು ಸೇರಿದರು.

"ತೋಟದ ಆಳುಗಳನ್ನ ವಿಚಾರಿಸಿದೆ. ಅಪ್ರಾಕು ಕೋಕೋ ತೋಟದಲ್ಲಿ ಬಿದ್ದು, ಎಡಗಾಲು ಬಿಗಿದು ಕಟ್ಟಿಕೊಂಡು ಹದಿನೈದು ದಿನ ಮಲಗಿದ್ದ," ಎಂದಳು ಡೂಫಿ. "ಮನೆಯವರು ಊರಿಗೆ ಜ್ವರ ಅಂತ ಹೇಳಿದ್ರು. ಕಾಲಲ್ಲಿ ಬಾವು ಬಂತು, ಒಳಗೆ ರಕ್ತ ಹೆಪ್ಪುಗಟ್ಟಿತು. ಅಂಥ ಹೆಪ್ಪು ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತೆ. ಆದ್ರೆ ಇವನ ಹೃದಯದ ನಡುಗೋಡೆಯಲ್ಲಿ ಹುಟ್ಟಿನಿಂದ ಒಂದು ಕಿಂಡಿ ಇತ್ತು, ಡಾಕ್ಟರ್ ಮತ್ತೆ ನೋಡಿದಾಗ ಸಿಕ್ತು. ದಮ್ಮು ಕಟ್ಟಿ ಕೊಂಬು ಊದಿದಾಗ ಹೃದಯದ ಬಲಗಡೆ ಒತ್ತಡ ಏರಿ ಕಿಂಡಿ ತೆರೀತು. ಹೆಪ್ಪು ಎಡಕ್ಕೆ ದಾಟಿ ಸೀದಾ ಮಿದುಳಿಗೆ ಹೋಯ್ತು. ಕೊಂದಿದ್ದು ಅದು, ಡೊಂಕೋರ್ ಅಲ್ಲ."

"ಕಾಲು ನೋವು ಅಂತ ಒಂದು ಮಾತು ಹೇಳಬಾರದಿತ್ತಾ?" ಎಂದರು ಒಬ್ಬ ಹಿರಿಯರು.

"ಹೇಳಿದ್ರೆ ನೀವು ಒಳಗೆ ಬಿಡ್ತಿದ್ರಾ ಅಜ್ಜಾ? ಕುಂಟೋನು ಅರಸನ ಪೀಠದ ಮುಂದೆ ನಿಲ್ಲೋ ಹಾಗಿಲ್ವಲ್ಲ."

"ಬಾತ ಕಾಲು ಹಿಡಿಸಲಿ ಅಂತ ಚಪ್ಪಲಿ ಕೊಯ್ದು ಹೊಲಿದೋಳು ನಾನೇ," ಎಂದಳು ಆಫ್ರಿಯೆ. "ಕಾಲು ಬಾತಾಗಲೇ ಆಸ್ಪತ್ರೆಗೆ ಹೋಗಿದ್ರೆ ಉಳೀತಿದ್ರಾ?"

ಸುಳ್ಳು ಹೇಳಿಬಿಡೋಣವೆನಿಸಿತು ಡೂಫಿಗೆ. "ಉಳೀಬಹುದಿತ್ತು," ಎಂದಳು.

ಡೊಂಕೋರ್ ಮುಂದೆ ಬಂದ. "ಅಕ್ಕಾ, ಕೊಂಬು ನನ್ನ ಕೈಗೆ ಬಂದ್ಬಿಡುತ್ತೆ ಅಂತ ತಾನೇ ಮುಚ್ಚಿಟ್ಟಿದ್ದು?"

"ಹೌದು," ಎಂದಳು ಆಫ್ರಿಯೆ.

ಅವನು ಅವಳ ಪಕ್ಕ ನೆಲದ ಮೇಲೆ ಕೂತುಬಿಟ್ಟ.