ತೆರೆದೇ ಇದ್ದ ದಾಖಲೆ

“ಆ ವೈರು ಕೀಳಬೇಡಿ.”

ಅವನು ಅವಳಿಗೆ ಹೇಳಿದ ಮೊದಲ ಮಾತು ಅದು. ಮೇಜಿನ ಕೆಳಗೆ ಮಂಡಿಯೂರಿ ಕೂತಿದ್ದ ಅವಳು ಬೆಚ್ಚಿ ಎದ್ದಳು. ತಲೆ ಮೇಜಿನ ಅಂಚಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂದರೂ ತೋರಿಸಿಕೊಳ್ಳಲಿಲ್ಲ.

“ನಾನು ಸಾಫ್ಟ್‌ವೇರ್ ಕಂಪನಿಯಿಂದ ಬಂದಿದ್ದೀನಿ. ನಿಮ್ಮ ಕಂಪ್ಯೂಟರನ್ನ ಪೊಲೀಸರ ಸರ್ವರ್‌ಗೆ ಜೋಡಿಸೋ ಕೆಲಸ ನಂದು.”

“ಇರಬಹುದು. ಆದ್ರೆ ಇದರಲ್ಲಿರೋ ಜನಕ್ಕೆ ಬೇರೆ ಯಾರೂ ಇಲ್ಲ. ಕೇಳಿ ಮುಟ್ಟಿ.”

ಎಂಥ ಮನುಷ್ಯನಪ್ಪಾ ಇವನು... ಸತ್ತವರ ಪರವಾಗಿ ಬದುಕಿರುವವರ ಜೊತೆ ಜಗಳಕ್ಕೆ ಬರುತ್ತಾನಲ್ಲ!

ಅವನು ಆಸ್ಪತ್ರೆಯ ಶವಾಗಾರದ ಗುಮಾಸ್ತ. ಗುರುತು ಸಿಗದ ಹೆಣಗಳ ವಿವರ ಬರೆದಿಡುವುದು ಅವನ ಕೆಲಸ: ಎತ್ತರ, ಅಂದಾಜು ವಯಸ್ಸು, ಗಾಯದ ಗುರುತು, ಮೈಮೇಲಿದ್ದ ಬಟ್ಟೆ, ಜೇಬಿನಲ್ಲಿದ್ದ ವಸ್ತು. ನರ್ಸುಗಳು ಅವನಿಗೆ ‘ಮೌನಿ’ ಎಂದು ಹೆಸರಿಟ್ಟಿದ್ದರು. ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರಿಹೋಗುತ್ತದೋ ಎಂದು ಹೆದರುತ್ತಾನೆ ಎಂದು ನಗುತ್ತಿದ್ದರು.

ಅವಳ ಕೆಲಸವೂ ಹಗುರದ್ದಲ್ಲ. ಕಾಣೆಯಾದವರ ಪಟ್ಟಿ ಪೊಲೀಸರ ದೊಡ್ಡ ಸರ್ವರ್‌ನಲ್ಲಿತ್ತು. ಹೆಣಗಳ ವಿವರ ಮಾತ್ರ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಹಳೇ ಕಂಪ್ಯೂಟರಿನೊಳಗೆ ಕೂತಿತ್ತು. ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ನಡುವೆ ನಿಂತು ಇದರ ಮಾತನ್ನು ಅದಕ್ಕೆ ಮುಟ್ಟಿಸುವ ಅಡಾಪ್ಟರ್ ಒಂದನ್ನು ಅವಳು ಬರೆಯಬೇಕಿತ್ತು. ವಯಸ್ಸು, ಎತ್ತರ, ಗಾಯದ ಗುರುತು ಮೂರೂ ಹೊಂದಿದರೆ ದೂರು ಕೊಟ್ಟವರ ಫೋನಿಗೆ ಆ ಕ್ಷಣವೇ ಸಂದೇಶ ಹೋಗುತ್ತದೆ. ಯಾರೂ ಗುಂಡಿ ಒತ್ತಬೇಕಿಲ್ಲ. ಆ ಭಾಗದ ಬಗ್ಗೆ ಅವಳಿಗೆ ತುಸು ಹೆಮ್ಮೆಯಿತ್ತು.

ಈ ಕೆಲಸವನ್ನು ಅವಳು ಬೇಡಿ ಪಡೆದದ್ದು ಏಕೆಂದು ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವಳ ತಮ್ಮ ಮನೆಬಿಟ್ಟು ಹೋಗಿ ವರ್ಷ ದಾಟಿತ್ತು. ಹತ್ತಿರದ ಆಸ್ಪತ್ರೆಗಳನ್ನೆಲ್ಲ ಅಮ್ಮ ಮಗಳು ಅಲೆದು ಬಂದಿದ್ದರು. ಇಷ್ಟು ದೂರದ್ದನ್ನು ನೋಡಿರಲಿಲ್ಲ. ಅವನು ಬಂದರೆ ಹೊರಗೆ ನಿಲ್ಲಬಾರದೆಂದು ಅಮ್ಮ ಇವತ್ತಿಗೂ ಬಾಗಿಲಿಗೆ ಚಿಲಕ ಹಾಕದೆ ಮಲಗುತ್ತಾಳೆ.

ದಿನ ಕಳೆದಂತೆ ಮೌನಿಯ ಬಿಗುವು ಸಡಿಲವಾಯಿತು. ಅವನೇ ಚಹಾ ತಂದುಕೊಡತೊಡಗಿದ. ನಾನು ವಿವರ ಬರೀತಾ ಇರೋವಾಗ ಅರ್ಧಂಬರ್ಧ ದಾಖಲೆ ಸರ್ವರ್‌ಗೆ ಹೋದರೆ ಯಾರದೋ ಮನೆಗೆ ತಪ್ಪು ಸುದ್ದಿ ಮುಟ್ಟುತ್ತಲ್ಲ ಎಂದು ಒಮ್ಮೆ ಕೇಳಿದ. ಅವಳು ಅದನ್ನು ಯೋಚಿಸಿಯೇ ಇರಲಿಲ್ಲ. ತೆರೆದಿಟ್ಟ ದಾಖಲೆಯನ್ನು ಮುಟ್ಟದೆ ಮುಂದೆ ಹೋಗುವಂತೆ ಅಂದೇ ಬರೆದಳು. ಅವನ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಅಯ್ಯೋ, ಈ ನಗುವನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದ ಎಂದು ಅವಳ ಎದೆ ಸುಮ್ಮಸುಮ್ಮನೆ ಹೊಡೆದುಕೊಂಡಿತು.

ಅಂಥದೇ ಒಂದು ಮಧ್ಯಾಹ್ನ ಅವಳು ತಮ್ಮನ ವಿಷಯ ಹೇಳಿಕೊಂಡಳು. ಬೂಟಿನ ಲೇಸು ಹರಿದಿತ್ತೆಂದು ಆ ತರಲೆ ಅವಳ ಮೌಸಿನ ವೈರನ್ನೇ ಕತ್ತರಿಸಿ ಬೂಟಿಗೆ ಕಟ್ಟಿಕೊಂಡಿದ್ದ. ಅಂದೇ ಅವಳು ಮುಗಿಸಿಕೊಡಬೇಕಾದ ಕೆಲಸವಿತ್ತು. “ಹೊಸ ಮೌಸ್ ತಂದ ಮೇಲೆ ಮನೆಗೆ ಕಾಲಿಡು” ಎಂದು ಕೂಗಿದ್ದಳು. “ಬರ್ತೀನಿ” ಎಂದು ನಗುತ್ತಲೇ ಹೊರಟವನು ಮತ್ತೆ ಬರಲಿಲ್ಲ.

ಕೇಳುತ್ತಿದ್ದ ಮೌನಿ ಲೋಟ ಕೆಳಗಿಟ್ಟ. ಎದ್ದು ಹೋದ. ಒಂದು ಸಮಾಧಾನದ ಮಾತಾದರೂ ಬೇಡವೇ? ಅವಳಿಗೆ ಅಳು ಬಂದಂತಾಯಿತು.

ಆ ವಾರವೇ ಅಡಾಪ್ಟರ್ ಓಡಿತು. ಅವಳಿಗೆ ಕೊಟ್ಟದ್ದು ಸುಳ್ಳು ವಿವರದ ಮಾದರಿ ದಾಖಲೆಗಳು. ನಿಜವಾದವನ್ನು ಓದುವ ಅನುಮತಿ ಇರಲಿಲ್ಲ. ಎಷ್ಟು ಹೋದವು, ಎಷ್ಟು ಬಂದವು ಎಂಬ ಲೆಕ್ಕವಷ್ಟೇ ಕಾಣುತ್ತಿತ್ತು. ಲೆಕ್ಕದಲ್ಲಿ ಒಂದು ಕಡಿಮೆ. ಮರುದಿನವೂ ಒಂದು ಕಡಿಮೆ. ತಾನು ಬರೆದದ್ದನ್ನೆಲ್ಲ ಸಾಲುಸಾಲಾಗಿ ಜಾಲಾಡಿದಳು, ತಪ್ಪು ಸಿಗಲಿಲ್ಲ. ಮೌನಿಯನ್ನು ಕೇಳಿದರೆ ನೋಡ್ತೀನಿ ಎಂದು ಮುಖ ತಿರುಗಿಸಿದ.

ಅವಳ ಮೇಲಧಿಕಾರಿ ಸುದ್ದಿ ಕೇಳಿ ನಕ್ಕುಬಿಟ್ಟರು. ಹೆಣದ ಮೈಮೇಲಿನ ಚಿನ್ನ ಹೊಡೆದವರು ದಾಖಲೆ ಹೊರಗೆ ಬಿಡುತ್ತಾರೆಯೇ, ಬೆಕ್ಕನ್ನು ಹಾಲಿಗೆ ಕಾವಲಿಟ್ಟ ಹಾಗಾಯಿತು ಎಂದರು. ಮೌನಿ ಕಳ್ಳನೇ? ಇರಲಾರದು ಎಂದಿತು ಮನಸ್ಸು. ಹಾಗಾದರೆ ಮುಖ ತಪ್ಪಿಸುವುದೇಕೆ ಎಂದೂ ಕೇಳಿತು. ಇವನನ್ನು ನೋಡಲೆಂದು ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಂಡು ಬರುತ್ತಿದ್ದೆನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

ತೆರೆದ ದಾಖಲೆಯನ್ನು ಬಿಟ್ಟು ಮುಂದೆ ಹೋಗುವಂತೆ ತಾನೇ ಬರೆದದ್ದು ಆಗ ನೆನಪಾಗಿ ಅವಳು ಸರ್ರನೆ ಶವಾಗಾರಕ್ಕೆ ನಡೆದಳು. ಫಿನಾಯಿಲ್ ವಾಸನೆಯ ಆ ಪುಟ್ಟ ಕೋಣೆಯಲ್ಲಿ ಅವನು ಕಂಪ್ಯೂಟರಿಗೆ ಬೆನ್ನು ಕೊಟ್ಟು ಕೂತಿದ್ದ.

“ಒಂದು ದಾಖಲೆ ತೆರೆದೇ ಇಟ್ಟಿದ್ದೀರಿ. ನಾನು ಮಾಡಿಕೊಟ್ಟ ಅನುಕೂಲಾನ ನನಗೇ ತಿರುಗಿಸಿದ್ರಿ. ಅದರಲ್ಲಿ ಏನು ನುಂಗಿದ್ದೀರಿ?”

ಅವನು ಎದ್ದ. ಪರದೆಗೆ ಅಡ್ಡ ನಿಂತ.

“ಪಕ್ಕಕ್ಕೆ ಸರೀರಿ.”

“ಬೇಡ ಮೇಡಂ. ನಿಂತ್ಕೊಂಡು ಓದೋ ವಿಷಯ ಅಲ್ಲ ಇದು. ಮೊದಲು ಕೂತ್ಕೊಳ್ಳಿ.”

ಅವಳು ಕೂರಲಿಲ್ಲ. ಅವನ ತೋಳಿನ ಪಕ್ಕದಿಂದ ಪರದೆ ಕಂಡಿತು.

ಗಂಡು. ವಯಸ್ಸು ಇಪ್ಪತ್ತರ ಆಸುಪಾಸು. ಗದ್ದದ ಮೇಲೆ ಹಳೆಯ ಗಾಯದ ಗುರುತು. ಹೆದ್ದಾರಿಯ ಬದಿಯಲ್ಲಿ ವಾಹನ ಬಡಿದು ಸಾವು. ಬಲಗಾಲಿನ ಬೂಟಿಗೆ ಲೇಸಿನ ಬದಲು ಬೂದು ಬಣ್ಣದ ವೈರು.

ಅವಳಿಗೆ ಕಣ್ಣು ಕತ್ತಲಿಟ್ಟಿತು. ಅವನು ಕುರ್ಚಿ ಎಳೆದು ಕೂರಿಸಿದ. ಅವಳು ಅಳಲಿಲ್ಲ. ಪರದೆಯನ್ನು ಇನ್ನೊಮ್ಮೆ ಓದಿದಳು. ಆಮೇಲೆ ಆಡಿದ ಮಾತು ಅವಳಿಗೇ ಬೇರೆ ಯಾರದೋ ಮಾತಿನಂತೆ ಕೇಳಿಸಿತು.

“ನಾನು ಬೂಟಿನ ವಿಷಯ ಹೇಳಿದಾಗಲೇ ನಿಮಗೆ ಗೊತ್ತಾಯ್ತು.”

“ಹೂಂ. ಆ ಬೂಟನ್ನ ನಾನೇ ಬಿಚ್ಚಿದ್ದು.”

“ನಮ್ಮಮ್ಮ ದಿನಾ ಚಿಲಕ ಹಾಕದೆ ಮಲಗ್ತಾಳೆ. ಗೊತ್ತಿದ್ದೂ ಸುಮ್ಮನಿದ್ರಲ್ಲ!”

“ದೂರು ಕೊಟ್ಟಿರೋದು ಅವರು. ಇದನ್ನ ಮುಚ್ಚಿದ ತಕ್ಷಣ ಅವರ ಫೋನಿಗೆ ಸಂದೇಶ ಹೋಗುತ್ತೆ. ಒಬ್ಬರೇ ಇರ್ತಾರೆ, ಒಲೆ ಮುಂದೆ ನಿಂತಿರ್ತಾರೋ ಏನೋ... ಯಂತ್ರ ಹೇಳಬಾರದು ಅನ್ನಿಸ್ತು. ನಿಮಗೆ ನಾನೇ ಹೇಳೋಣ ಅಂತ ದಿನಾ ಬರ್ತಿದ್ದೆ. ನಿಮ್ಮ ಮುಖ ನೋಡಿ ಬಾಯಿ ಬರಲಿಲ್ಲ. ತಪ್ಪು ನಂದೇ.”

ತಪ್ಪೇ. ಅವಳು ಅದನ್ನು ಅಲ್ಲಗಳೆಯಲಿಲ್ಲ. ಅವನ ಮೇಲೆ ಕೈಯೆತ್ತುವಷ್ಟು ಸಿಟ್ಟು ಬಂದಿತ್ತು. ಆದರೆ ಯಾರೂ ಕೇಳದಿದ್ದಾಗ ಬೂಟಿನ ವೈರಿನ ಬಣ್ಣವನ್ನೂ ಬಿಡದೆ ಬರೆದಿಟ್ಟವನು ಅವನೇ. ಅವನು ಹಾಗೆ ಬರೆಯದಿದ್ದರೆ ತಮ್ಮ ಎಂದೆಂದಿಗೂ ಯಾರೋ ಒಬ್ಬ ಅನಾಮಿಕನಾಗಿ ಉಳಿದುಬಿಡುತ್ತಿದ್ದ.

ಅವನು ಬೀರುವಿನಿಂದ ಬಟ್ಟೆ ಸುತ್ತಿದ ಗಂಟೊಂದನ್ನು ತಂದು ಅವಳ ಮಡಿಲಲ್ಲಿಟ್ಟ. ಮಣ್ಣು ಮಾಡಿದ ಜಾಗ ತನಗೆ ಗೊತ್ತು, ಗುರುತಿಗೆ ಕಲ್ಲು ನೆಟ್ಟಿದ್ದೇನೆ ಎಂದ. ಅವಳು ಗಂಟು ಬಿಚ್ಚಿದಳು. ಅಂಗಿ. ಒಂದು ಜೊತೆ ಬೂಟು. ಅದರಡಿಯಲ್ಲಿ ಒಂದು ಡಬ್ಬಿ.

ಸೀಲು ಒಡೆಯದ ಹೊಸ ಮೌಸ್.

“ರಸ್ತೆಯ ಈ ಕಡೆ ಸಿಕ್ಕಿದ್ದ,” ಎಂದ ಮೌನಿ ಮೆಲ್ಲಗೆ. “ನಿಮ್ಮೂರಿಗೆ ಹೋಗೋ ಬಸ್ಸು ನಿಲ್ಲೋ ಜಾಗ. ಮನೆಗೇ ಬರ್ತಿದ್ದ.”

ಆಗ ಅವಳು ಅತ್ತಳು. ಡಬ್ಬಿಯನ್ನು ಎದೆಗವಚಿಕೊಂಡು, ಆಸ್ಪತ್ರೆಯ ಆ ತುದಿಗೂ ಕೇಳುವಂತೆ ಅತ್ತಳು. ಅವನು ಪಕ್ಕದಲ್ಲಿ ನೆಲದ ಮೇಲೆ ಕೂತ.

ಅಂದು ಇಬ್ಬರೂ ಜೊತೆಯಾಗಿ ಅವಳ ಮನೆಗೆ ಹೋದರು. ಅಮ್ಮ ಮಗಳ ಮುಖ ನೋಡಿಯೇ ಅರ್ಥಮಾಡಿಕೊಂಡಳು. ಬೂಟನ್ನು ಸೆರಗಿನಿಂದ ಒರೆಸಿ ಒರೆಸಿ ಇಟ್ಟಳು. ಕತ್ತಲಾಗುವ ಹೊತ್ತಿಗೆ, ಅಂಗಳದಲ್ಲಿ ನಿಂತೇ ಇದ್ದವನು ಯಾರೆಂದು ಕೇಳಿದಳು. ತಮ್ಮನ ವಿವರ ಬರೆದಿಟ್ಟವರು ಎಂದಳು ಮಗಳು.

“ನನ್ನ ಮಗನನ್ನ ಕೊನೇಲಿ ನೋಡ್ಕೊಂಡೋನು... ಹೊರಗ್ಯಾಕೆ ನಿಲ್ಲಿಸಿದ್ದೀಯ? ಒಳಗೆ ಕರಿ.”

ಅವನು ಒಳಗೆ ಬಂದ ಮೇಲೆ ಅಮ್ಮ ತಾನೇ ಎದ್ದು ಬಾಗಿಲಿಗೆ ಚಿಲಕ ಹಾಕಿದಳು. ಆ ಸದ್ದಿಗೆ ಮೂವರೂ ತಲೆತಗ್ಗಿಸಿದರು.

ಮರುದಿನ ಅವಳು ಶವಾಗಾರದ ಕುರ್ಚಿಯಲ್ಲಿ ಕೂತು ಡಬ್ಬಿಯ ಸೀಲು ಒಡೆದಳು. ಹಳೇ ಮೌಸನ್ನು ತೆಗೆದು ಹೊಸದನ್ನು ಸಿಕ್ಕಿಸುವ ಮುನ್ನ ಅವನತ್ತ ನೋಡಿದಳು.

“ಈ ವೈರು ಕೀಳಬಹುದಾ?”

ಅವನು ತಲೆಯಾಡಿಸಿದ. ಅವನ ಕಣ್ಣು ತುಂಬಿತ್ತು.

“ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ ನನ್ನಿಂದ?”

“ಒಂದಿದೆ. ಅವತ್ತು ಮಧ್ಯಾಹ್ನ ನಿಮ್ಮನ್ನ ಮದುವೆಗೆ ಕೇಳೋಣ ಅಂತ ಕೂತಿದ್ದೆ. ಅಷ್ಟರಲ್ಲಿ ನೀವು ಬೂಟಿನ ವಿಷಯ ತೆಗೆದ್ರಿ. ಈಗ ಕೇಳೋ ಮುಖ ನನಗಿಲ್ಲ.”

ಅವಳು ಅವನ ಕೈ ಹಿಡಿದು ಮೌಸಿನ ಮೇಲಿಟ್ಟಳು. ಅದರ ಮೇಲೆ ತನ್ನ ಕೈಯಿಟ್ಟಳು. ಇಬ್ಬರೂ ಸೇರಿ ಒತ್ತಿದರು. ದಾಖಲೆ ಮುಚ್ಚಿತು. ಅಡಾಪ್ಟರ್ ಅದನ್ನು ಎತ್ತಿಕೊಂಡಿತು, ಲೆಕ್ಕ ಸರಿಹೋಯಿತು. ದೂರದ ಮನೆಯಲ್ಲಿ ಅಮ್ಮನ ಫೋನು ಸದ್ದು ಮಾಡಿರಬೇಕು. ಅಮ್ಮನಿಗೆ ಅದರಲ್ಲಿ ಹೊಸ ಸುದ್ದಿ ಏನೂ ಇರಲಿಲ್ಲ.

“ಇವತ್ತು ಕೇಳಬೇಡಿ,” ಎಂದಳು ಅವಳು, ಕೈ ತೆಗೆಯದೆ. “ಇವತ್ತು ಅವನ ದಿನ. ಇನ್ನೊಂದು ದಿನ ಮನೆಗೆ ಬಂದು ಕೇಳಿ.”

“ಬರ್ತೀನಿ.”

“ಅವನೂ ಹಾಗೇ ಅಂದಿದ್ದ.”

ಅವನು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಹಾಗಾದ್ರೆ ಒಬ್ಬನೇ ಬರಲ್ಲ. ನೀವೇ ಜೊತೆಗೆ ಕರ್ಕೊಂಡು ಹೋಗಿ.”